ಕಿರಚೋ ವಿಲನ್ ಬ್ಯಾಡ್ರಿ, "ಊಟ ಆಯ್ತೇನ್ರಿ" ಅನ್ನೋ ವಿಲನ್ ಬರೀರಿ

ನಮ್ಮ ಓಣಿ ಹುಡುಗರು ಮೂರು ಮಂದಿ ಸೇರಿ ಎಂಟು ಎಪಿಸೋಡಿಂದು ಒಂದು ಕ್ರೈಮ್ ಸೀರಿಯಲ್ ಬರೀಲಾಕತ್ತಾರ, ಕಥಿ ಎಲ್ಲಾ ಕಲಬುರಗ್ಯಾಗೇ ನಡೀತದ, ಮೊದಲ್ನೇ ಎಪಿಸೋಡ್ ಬರ್ದು ನನಗ ಓದ್ಲಾಕ ಕೊಟ್ಟಿದ್ರು. ತೆಗೆದ ಕೂಡ್ಲೇ ವಿಲನ್ ಕಿಲ್ಲಾದಾಗಿನ ತೋಪಿನ ಮ್ಯಾಲ ಒಂದು ಕಾಲಿಟ್ಟು ನಿಂತಾನ, ಮೈಮ್ಯಾಲ ಚರ್ಮದ ಕೋಟು (ಮೇ ತಿಂಗಳ ಕಲಬುರಗ್ಯಾಗ ಚರ್ಮದ ಕೋಟು ಯಪ್ಪಾ!), ಕೊಳ್ಳಾಗ ಹಗ್ಗದಂಥಾ ಬಂಗಾರದ ಚೈನು, ಹಹಹ ಅಂತ ನಗ್ತಾನ, ನಕ್ಕೋತೇ ತನ್ನ ಕೈಯಾಳಿಗೇ ಗುಂಡು ಹೊಡೀತಾನ. ನಾ ಕೇಳ್ದೆ, ತಮ್ಮಾ, ಇಂವ ಹೊಟ್ಟಿಪಾಡಿಗಿ ಏನ್ ಮಾಡ್ತಾನ? ಹುಡುಗ ನನ್ನ ಮುಖ ನೋಡಿ "ಕಾಕಾ, ಅಂವ ಡಾನ್ ಅದಾನ" ಅಂದ. ಡಾನ್ ಅನ್ನೋದು ಮಂದಿ ಹಿಂದಿನಿಂದ ಇಡೋ ಹೆಸರಪ್ಪಾ, ಮುಂಜಾನಿ ಎದ್ದು ಚಾ ಕುಡದು ಅಂವ ಎಲ್ಲಿಗಿ ಹೋಗ್ತಾನ ಅದನ್ನ ಹೇಳು ಅಂದೆ. ಹೇಳ್ಲಾಕ ಆಗ್ಲಿಲ್ಲ. ಅವತ್ತು ಸಂಜಿ ಸುಸಲಾ ಮಿರ್ಚಿ ತಿನಕೋತ ಎರಡು ತಾಸು ಮಾತಾಡಿದ್ವಿ, ಅದನ್ನೇ ಇಲ್ಲಿ ಬರೀಲಾಕತ್ತೀನಿ, ಸೀರಿಯಲ್ ಬರಿಯೋರು ಇನ್ನೂ ನಾಕು ಮಂದಿ ಇದ್ರ ಅವರಿಗೂ ಉಪಯೋಗ ಆಗ್ಲಿ ಅಂತ.

ಮೊದಲು ವಿಲನ್‌ಗ ಒಂದು ಧಂದೆ ಕೊಡ್ರಿ, ಖರೇ ಧಂದೆ. ನಾವು ಅವತ್ತು ಗಂಜಿನ (ಅಂದ್ರ ಕಾಳಿನ ಮಾರ್ಕೆಟ್ಟಿನ) ಒಬ್ಬ ಅಡತಿ ಸಾವ್ಕಾರನ್ನ, ಕಮಿಷನ್ ಮ್ಯಾಲ ರೈತರ ಮಾಲು ಮಾರಿಸಿ ಕೊಡಾಂವನ್ನ, ಹಿಡಕೊಂಡ್ವಿ. ಹೆಸರು ಇಡ್ಲಿಲ್ಲ, ಯಾಕಂದ್ರ ನಮ್ಮ ಕಡಿ ಹೆಸರಿಟ್ರ ಮರುದಿನಾನೇ ಯಾರರೆ ಒಬ್ರು "ನಮ್ಮ ಮಾಮಾನ ಮ್ಯಾಲ ಬರ್ದೀಯಂತಲ್ಲ" ಅಂತ ಮನಿ ಮುಂದ ಗಾಡಿ ನಿಂದ್ರಸ್ತಾರ, ಅದಕ್ಕ ಹೆಸರು ಎಲ್ಲಾ ಮುಗದ ಮ್ಯಾಲ ಇಡ್ರಿ, ಅದೇ ಹೆಸರಿನವರು ಅದೇ ಧಂದೆದಾಗ ಇದ್ದಾರೇನು ಅಂತ ಜರಾ ವಿಚಾರಿಸ್ಕೊಂಡು. ಈಗ ಸಾವ್ಕಾರನ ಲೆಕ್ಕ ನೋಡ್ರಿ. ತೊಗರಿ ಜೂನ್-ಜುಲೈದಾಗ ಬಿತ್ತತಾರ, ಡಿಸೆಂಬರ್-ಜನವರಿಗಿ ರಾಶಿ, ನಡುವಿನ ಆರು ತಿಂಗಳು ರೈತನ ಕೈಯಾಗ ರೊಕ್ಕ ಇರಂಗಿಲ್ಲ. ಆ ಆರು ತಿಂಗಳದಾಗೇ ಸಾವ್ಕಾರ ದೊಡ್ಡಂವ ಆಗೋದು. ಬೀಜಕ್ಕ, ಬೆಳಿಗಿ ಕೀಟನಾಶಕ ಎಣ್ಣಿ ಹೊಡಿಲಾಕ, ಮಗಳ ಲಗ್ನಕ್ಕ, ದವಾಖಾನಿ ಬಿಲ್ಲಿಗಿ, ಯಾವಾಗ ಹೋದ್ರೂ ಕೊಡ್ತಾನ, ಇಲ್ಲ ಅನ್ನಂಗಿಲ್ಲ, ರಾಶಿ ಆದ ಮ್ಯಾಲ ಮಾಲು ಮಾತ್ರ ಅಂವನ ಅಂಗಡಿಗೇ ಬರಬೇಕು. ಇಲ್ಲಿತನಾ ಪೊಲೀಸರು ಹಿಡಿಯೋವಂಥಾದ್ದು ಒಂದೂ ಇಲ್ಲ, ಹೌದಿಲ್ಲೋ? ಊರ ಮಂದಿ ಕೈ ಮುಗೀತಾರ.

ಇನ್ನ ಕ್ರೈಮ್ ಆ ಧಂದೆದೊಳಗಿಂದೇ ಹುಟ್ಟಬೇಕು, ಹೊರಗಿಂದ ತಂದು ಅಂಟಿಸಬ್ಯಾಡ್ರಿ. ಗಂಜಿನ ಸಾವ್ಕಾರ ಒಮ್ಮಿಂದೊಮ್ಮೆ ಡ್ರಗ್ಸ್ ಮಾರ್ತಾನ ಅಂದ್ರ ಯಾರು ನಂಬ್ತಾರ. ಅಂವನ ಗೋಡೌನ್ ಅದ, ಗೋಡೌನ್‌ನ್ಯಾಗ ಚೀಲ ಅವ, ಚೀಲ ತೋರಿಸಿ ಬ್ಯಾಂಕಿನ್ಯಾಗ ಸಾಲ ತಗೊಂಡಾನ. ಅವೇ ಚೀಲ ಇನ್ನೊಂದು ಬ್ಯಾಂಕಿಗೂ ತೋರಿಸ್ಯಾನ. ಮುಂದಿನ ಎರಡು ಸಾಲು ತೊಗರಿ, ಹಿಂದೆಲ್ಲಾ ಹೊಟ್ಟು ತುಂಬಿದ ಚೀಲ. ನಾಳಿ ಬ್ಯಾಂಕಿನವರು ಎಣಿಸಲಾಕ ಬರ್ತಾರ ಅನ್ನೋ ರಾತ್ರಿ ಗೋಡೌನಿಗಿ ಬೆಂಕಿ ಬೀಳ್ತದ, ಒಳಗ ವಾಚ್‌ಮನ್ ಮಲಗಿರ್ತಾನ. ಸಾವ್ಕಾರಗ ಅಂವ ಒಳಗ ಅದಾನ ಅಂತ ಗೊತ್ತಿತ್ತೋ ಇಲ್ಲೋ? ಈ ಒಂದು ಪ್ರಶ್ನಿ ಹಿಡಕೊಂಡು ಎಂಟು ಎಪಿಸೋಡ್ ಎಳೀಬಹುದು ನೋಡ್ರಿ. ಗೊತ್ತಿರಲಿಲ್ಲ ಅಂದ್ರ ಅಂವ ಕಳ್ಳ, ಪಾಪ ಸಿಕ್ಕಬಿದ್ದಾನ. ಗೊತ್ತಿತ್ತು ಅಂದ್ರ ಅಂವ ಬ್ಯಾರೇನೇ ಪ್ರಾಣಿ. ನೋಡೋ ಮಂದಿ ಇವೆರಡರ ನಡುವ ಜೋತಾಡಬೇಕು.

ಅವರ ಪೈಕಿ ಒಬ್ಬ ಹುಡುಗ ಕಲಬೆರಕಿ ಇಡೂಣು ಕಾಕಾ ಅಂದ, ತೊಗರಿ ಬ್ಯಾಳ್ಯಾಗ ಕೇಸರಿ ಬ್ಯಾಳಿ ಬೆರಸೋದು. ವಿಷಯ ಚಲೋ ಅದ, ಕೇಸರಿ ಬ್ಯಾಳಿ ಮಾರಾಟಕ್ಕ 1961ರಾಗೇ ನಿಷೇಧ ಆಗ್ಯದ, ಕಾಲಿನ ಶಕ್ತಿ ಹೋಗ್ತದ ಅನ್ನೋದೂ ಖರೆ. ಆದ್ರ ಅವನ ಸ್ಕ್ರಿಪ್ಟಿನ್ಯಾಗ ಒಂದೇ ಊಟಕ್ಕ ಇಡೀ ಲಗ್ನದ ಮಂದಿ ಬಿದ್ದಬಿಡ್ತಿದ್ರು. ಹಂಗಾಗಂಗಿಲ್ಲ, ತಿಂಗಳುಗಟ್ಟಲೆ ಅದನ್ನೇ ಮುಖ್ಯ ಊಟ ಮಾಡಿದ ಬಡವರಿಗಿ ಬರೋ ರೋಗ ಅದು. ಇಂಥಾವು ತಪ್ಪಿದ್ರ ನೋಡೋರು ವಿಲನ್ನನ್ನ ಬಿಟ್ಟು ರೈಟರ್‌ನ ಮ್ಯಾಲ ನಗ್ತಾರ.

ಧಂದೆ ಆದ ಮ್ಯಾಲ ಅಂವಗ ಏನ್ ಬೇಕು ಅನ್ನೋದು. ರೊಕ್ಕ ಬೇಕು, ಅಧಿಕಾರ ಬೇಕು ಅಂತ ಬರದ್ರ ಏನೂ ಬರೀಲಾರದಂಗೇ, ಅದು ಎಲ್ಲರಿಗೂ ಬೇಕು. ಅಂವನ ಬೇಡಿಕಿ ಕೇಳಿದ್ರ ನೋಡಾಂವ ಮನಿ ಸೋಫಾದ ಮ್ಯಾಲ ಕುಂತು "ಖರೇ ಹೇಳ್ಲಾಕತ್ತಾನಲ್ಲೋ" ಅನ್ನಬೇಕು. ನಮ್ಮ ಸಾವ್ಕಾರಗ ನಾವು ಒಂದು ಭಾಷಣ ಬರದ್ವಿ, ರೈತರ ಸಭಾದಾಗ ನಿಂತು ಹೇಳ್ತಾನ: ಕಲಬುರಗಿ ತೊಗರಿ ಬ್ಯಾಳಿಗಿ 2019ರಾಗ ಜಿಐ ಟ್ಯಾಗ್ (ಈ ಊರಿನ ಮಾಲು ಅನ್ನೋ ಸರ್ಕಾರಿ ಗುರುತು) ಬಂತು, ಪೇಪರಿನ್ಯಾಗ ಫೋಟೋ ಬಂತು, ನಿಮ್ಮ ಹೊಲಕ್ಕ ಏನ್ ಬಂತು? ನಮ್ಮ ಕಾಳು ಬ್ಯಾರೇ ಊರಿಗಿ ಹೋಗಿ ಪಾಕೀಟಿನ್ಯಾಗ ಕುಂತು ಮತ್ತ ನಮ್ಮ ಅಂಗಡಿಗೇ ಡಬಲ್ ರೇಟಿಗಿ ಬರ್ತದ, ನಾಚಿಕಿ ಆಗಂಗಿಲ್ಲೇನು ನಮಗ? ಮಂದಿ ಚಪ್ಪಾಳಿ ಹೊಡೀತಾರ, ನಾನಿದ್ರೂ ಹೊಡೀತಿದ್ದೆ. ಅದೇ ಬಾಯಿ, ಮರುದಿನಾ ಸುಟ್ಟ ಗೋಡೌನಿನ ಇನ್ಶೂರೆನ್ಸ್ ಫಾರ್ಮ್ ತುಂಬಸ್ತದ.

ಈಗ ಜರಾ ಬೀದರಕ್ಕ ಹೋಗೂಣು, ಯಾಕಂದ್ರ ಕ್ರೈಮ್ ಬರಿಯೋರಿಗಿ ನಮ್ಮ ಭಾಗದಾಗೇ ಐನೂರು ವರ್ಷದ ಹಿಂದ ಒಂದು ಪ್ಲಾಟ್ ಬಿದ್ದದ. ಮಹಮೂದ್ ಗವಾನ್, ಬಹಮನಿ ಸುಲ್ತಾನರ ವಜೀರ, ಪರ್ಶಿಯಾದಿಂದ ಬಂದಾಂವ, 1472ರಾಗ ಕಟ್ಟಿಸಿದ ಮದರಸಾ ಇವತ್ತಿಗೂ ಬೀದರದಾಗ ನಿಂತದ, ಎರಡು ಮಿನಾರದಾಗ ಒಂದು ಉಳದದ, ಶಾಲಿ ಟೂರಿನ್ಯಾಗ ಎಲ್ಲರೂ ಅದರ ಮುಂದ ಫೋಟೋ ಹೊಡಿಸ್ಕೊಂಡೋರೇ. ಅಂವನ ವಿರೋಧಿಗಳು ದಖನಿ ಸರದಾರರು. ಅವರೇನ್ ಕತ್ತಿ ಹಿರೀಲಿಲ್ಲ. ವಜೀರನ ಮೊಹರು ಇಟ್ಕೊಂಡಿದ್ದ ಆಳನ್ನ ಬುಟ್ಟಿಗಿ ಹಾಕ್ಕೊಂಡು ಖಾಲಿ ಕಾಗದಕ್ಕ ಮೊಹರು ಒತ್ತಿಸ್ಕೊಂಡ್ರು, ಆಮ್ಯಾಲ ಅದರ ಮ್ಯಾಲ ಒಡಿಶಾದ ರಾಜಗ ನಮ್ಮ ರಾಜ್ಯದ ಮ್ಯಾಲ ದಂಡೆತ್ತಿ ಬಾ ಅಂತ ವಜೀರನೇ ಕರದಂಗ ಪತ್ರ ಬರದ್ರು, ಸುಲ್ತಾನ ಕುಡದ ಅಮಲಿನ್ಯಾಗ ಇದ್ದಾಗ ಕೈಗಿ ಕೊಟ್ರು. 1481ರಾಗ ಗವಾನನ ತಲಿ ಹೋಯ್ತು, ಮರುವರ್ಷ ಸುಲ್ತಾನನೂ ಹೋದ, ಆಮ್ಯಾಲ ರಾಜ್ಯಾನೇ ಚೂರು ಚೂರಾಯ್ತು. ಇದರಾಗ ಬರಿಯೋರು ಏನ್ ನೋಡ್ಬೇಕು ಅಂದ್ರ, ಮೊಹರು ಖರೇದು. ಸುಳ್ಳೆಲ್ಲಾ ಖರೇ ಮೊಹರಿನ ಬೆನ್ನ ಮ್ಯಾಲ ಕುಂತು ಬಂತು. ಚಲೋ ವಿಲನ್ ಸುಳ್ಳು ಕಡಿಮಿ ಹೇಳ್ತಾನ, ಇದ್ದ ಖರೇನೇ ತನಗ ಬೇಕಾದ ಜಾಗಕ್ಕ ಒಯ್ದು ಇಡ್ತಾನ. ಎರಡ್ನೇದು, ಆ ಸರದಾರರ ಹೊಟ್ಯಾಗಿನ ಉರಿ ಸುಮ್ಕ ಬಂದದ್ದಲ್ಲ, ನಾವು ಇಲ್ಲಿಯವರು, ಹೊರಗಿಂದ ಬಂದವರಿಗೇ ದೊಡ್ಡ ದೊಡ್ಡ ಹುದ್ದೆ ಸಿಗ್ತಾವಲ್ಲ ಅನ್ನೋದು. ಈ ಮಾತು ಇವತ್ತ ನಮ್ಮ ಊರಾಗ ಚಾ ಅಂಗಡಿ ಮುಂದ ನಿಂತ್ರ ಕೇಳಸಂಗಿಲ್ಲೇನು? ಅವರ ಕಡಿಂದ ಕಥಿ ಬರದ್ರ ಅವರೇ ಹೀರೋ. ಬರದು ನೋಡ್ರಿ ಒಮ್ಮೆ, ನಿಮ್ಮ ವಿಲನ್ ಕಡಿಂದನೂ ಪೂರಾ ಕಥಿ ಎರಡು ಪೇಜ್ ಬರೀರಿ, ಅಂವ ತನ್ನ ಬಾಯಿಂದ ಹೇಳ್ದಂಗ, ಅದರಾಗ ತಾನು ಕೆಟ್ಟಾಂವ ಅನ್ನೋ ಒಂದು ಸಾಲೂ ಬರಬಾರ್ದು. ಬರ್ಲಾಕ ಆಗ್ಲಿಲ್ಲಂದ್ರ ನಿಮ್ಮ ವಿಲನ್ ಇನ್ನೂ ಹುಟ್ಟಿಲ್ಲ.

ಸುರಪುರದಾಗ ಇದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬನೂ ಹಿಂಗೇ ಮಾಡಿದ್ದ, ಅಲ್ಲಿಗಿ ಬರೋಕಿಂತ ಮೊದಲು, 1839ರಾಗ ಅಂವ ಬರದ ಠಗ್ಗರ ಕಾದಂಬರ್ಯಾಗ ಕೊಲಿಗಾರ ಠಗ್ಗನೇ ಕುಂತು ತನ್ನ ಕಥಿ ಹೇಳ್ತಾನ, ಭಾಳ ಮರ್ಯಾದಿಲೇ ಹೇಳ್ತಾನ, ಅದಕ್ಕೇ ಮೈ ಝುಂ ಅಂತದ.

ಮರ್ಯಾದಿ ಅಂದ ಕೂಡ್ಲೇ ನನಗ ಭಾಳ ಬೇಕಾದ ವಿಷಯ ಬಂತು, ಭಾಷಾ. ಬೆಂಗಳೂರು ಸೀರಿಯಲ್‌ನ್ಯಾಗ ನಮ್ಮ ಮಾತು ಯಾರ ಬಾಯಾಗ ಬರ್ತದ ನೋಡ್ರಿ, ಇಲ್ಲಾ ಕಾಮಿಡಿದಾಂವ ಇಲ್ಲಾ ರೌಡಿ. ಅದು ಹೊಟ್ಟಿಕಿಚ್ಚು ಇರ್ಲಿ, ನಾವೇ ಬರಿಯೋವಾಗರೆ ಬರೋಬ್ಬರಿ ಬರಿಬೇಕಲ್ಲ. ಕಲಬುರಗಿ ಸಾವ್ಕಾರ ಒಂದು ದಿವಸದಾಗ ಎಷ್ಟು ಭಾಷಾ ಆಡ್ತಾನ ಎಣಿಸ್ರಿ. ಲಾರಿಯವರ ಕೂಡ ದಖನಿ ಉರ್ದು, "ಕ್ಯಾ ಮಿಯಾ, ಖಾನಾ ಖಾಯೆ?" ಅಂತ. ಸೊಲ್ಲಾಪುರದ ವ್ಯಾಪಾರಿ ಫೋನ್ ಬಂದ್ರ ಮರಾಠಿ, ಹೈದರಾಬಾದಿನವರ ಕೂಡ ತೆಲುಗು, ಆಫೀಸರ್ ಬಂದ್ರ ಪುಸ್ತಕದ ಕನ್ನಡ, ಮನ್ಯಾಗ ಹೆಂಡತಿ ಕೂಡ ನಮ್ಮ ಕನ್ನಡ. ಯಾವ ಭಾಷಾದಾಗ ಅಂವ ಸುಳ್ಳು ಹೇಳ್ತಾನ ಅಂತ ನೀವು ಮೊದಲೇ ಫಿಕ್ಸ್ ಮಾಡ್ಕೊಂಡು ಇಡ್ರಿ, ಯಾರಿಗೂ ಹೇಳಬ್ಯಾಡ್ರಿ. ನಮ್ಮಂವ ಪುಸ್ತಕದ ಕನ್ನಡದಾಗ ಮಾತ್ರ ಸುಳ್ಳು ಹೇಳ್ತಾನ. ನಾಲ್ಕನೇ ಎಪಿಸೋಡಿಗಿ ಬರೋತನಕ ನೋಡೋರಿಗಿ ಅದು ತಂತಾನೇ ತಿಳೀತದ, ಆಮ್ಯಾಲ ಅಂವ ಮನ್ಯಾಗ ಹೆಂಡತಿ ಮುಂದ ಒಮ್ಮಿ "ನಾನು ಆ ದಿನ ಬೀದರ್‌ನಲ್ಲಿ ಇದ್ದೆ" ಅಂದ್ರ ಸಾಕು, ಮ್ಯೂಸಿಕ್ಕೂ ಬ್ಯಾಡ ಏನೂ ಬ್ಯಾಡ.

ಅದಕ್ಕಿಂತ ದೊಡ್ಡ ಹತಿಯಾರ "ರಿ". ನಮ್ಮ ಕಡಿ ಸಣ್ಣ ಹುಡುಗನಿಗೂ ದೊಡ್ಡೋರು "ಬರ್ರಿ, ಕೂಡ್ರಿ" ಅಂತಾರ. ನಿಮ್ಮ ವಿಲನ್ ಎಲ್ಲರಿಗೂ ರಿ ಹಚ್ಚಿ ಮಾತಾಡ್ಲಿ, ಹಮಾಲಗ, ಚಾ ಹುಡುಗಗ, ತನ್ನನ್ನ ಹಿಡೀಲಾಕ ಬಂದ ಪಿಎಸ್ಐಗ, ಎಲ್ಲರಿಗೂ. "ಯಾಕ್ರಿ ಮೇಡಂ ಸೊರಗೀರಿ, ಊಟ ಆಯ್ತೇನ್ರಿ?" ಐದು ಎಪಿಸೋಡ್ ಪೂರಾ ಹಿಂಗೇ. ಆರ್ನೇದ್ರಾಗ ತನ್ನ ಗುಮಾಸ್ತಗ, ಮೂವತ್ತು ವರ್ಷ ರಿ ಅಂದಂವಗ, ಮೆಲ್ಲಗ "ನೀ ಮನಿಗಿ ನಡಿ" ಅಂತಾನ. ಅಷ್ಟೇ. ಗುಮಾಸ್ತನ ಕೈಯಾಗಿನ ಚಾ ಕಪ್ಪು ನಡುಗ್ತದ. ನಮ್ಮ ಮಂದಿಗಿ ಅದು ಗುಂಡಿನ ಸಪ್ಪಳಕ್ಕಿಂತ ಜೋರ ಕೇಳಸ್ತದ. ಇಂಗ್ಲೀಷಿನ್ಯಾಗ ಬರಿಯೋರಿಗಿ ಈ ಸವಲತ್ತು ಇಲ್ಲ, ನಮಗ ಪುಕ್ಕಟ ಸಿಕ್ಕದ, ಅದನ್ನ ಬಿಟ್ಟು "ಏ ಮಗನ, ನಿನ್ನ ತುಂಡು ತುಂಡು ಮಾಡ್ತೀನಿ" ಅಂತ ಯಾಕ ಬರೀತೀರಿ. ವಜ್ರಮುನಿ ಅವರು ಆ ದನಿ, ಆ ಕಣ್ಣು ಇಟ್ಕೊಂಡು ಮಾಡಿದ್ರು, ಟಾಕೀಸಿನ್ಯಾಗ ಹೆಂಗಸರು ಶಾಪ ಹಾಕೋರು, ಅದು ಅವರಿಗೇ ಸೈ. ಟೀವಿ ಮನ್ಯಾಗ ಐದು ಫೂಟ್ ದೂರದಾಗ ಇರ್ತದ, ಅಲ್ಲಿ ಕಿರಚಿದ್ರ ಮಂದಿ ರಿಮೋಟ್ ಹುಡಕ್ತಾರ.

ಊರು ಅಂವನ ಕೈಯಾಗ ಸಿಕ್ಕಿರಬೇಕು, ಅದೂ ಅಂಜಿಕಿಂದ ಅಲ್ಲ, ಉಪಕಾರದಿಂದ. ಅಂಜಿಕಿ ಒಂದಿಲ್ಲೊಂದು ದಿವಸ ಹೋಗ್ತದ, ಋಣ ಹೋಗಂಗಿಲ್ಲ. ನಮ್ಮ ಕಥ್ಯಾಗ ಕೇಸ್ ನೋಡೋ ಪಿಎಸ್ಐ ಇದೇ ಜಿಲ್ಲಾದ ಹುಡುಗಿ, ಅಕಿ ಪಿಯುಸಿ ಫೀ ಕಟ್ಟಿದಾಂವ ಸಾವ್ಕಾರ. ಹುಡುಗರು ಹೇಳಿದ್ರು, ಹಂಗಾದ್ರ ಅಂವ ಅದನ್ನ ನೆನಪು ಮಾಡಿ ಧಮ್ಕಿ ಕೊಡಬೇಕಲ್ಲ ಕಾಕಾ. ಕೊಡಬಾರ್ದು! ಒಂದು ಸಲನೂ ಬಾಯಿ ಬಿಡಬಾರ್ದು. ಅಕಿ ನೋಟಿಸ್ ಕೊಡ್ಲಾಕ ಅಂಗಡಿಗಿ ಬಂದಾಗ ಸಹಿ ಹಾಕಿ, ಪೆನ್ ವಾಪಸ್ ಕೊಟ್ಟು, "ಅಪ್ಪಾಜಿ ಆರಾಮದಾರೇನ್ರಿ?" ಅಂತ ಕೇಳಬೇಕು. ನೋಡೋರಿಗಿ ಋಣದ ವಿಷಯ ಇನ್ನೂ ಗೊತ್ತಿಲ್ಲ, ಅಕಿ ಮುಖ ಯಾಕ ಹಂಗಾಯ್ತು ಅಂತ ತಿಳಿಯಂಗಿಲ್ಲ, ಮುಂದಿನ ಎಪಿಸೋಡಿನ್ಯಾಗ ಅಕಿ ಅಪ್ಪ ಹೇಳ್ತಾನ. ಆಗ ಹಿಂದಿನ ಸೀನು ಮತ್ತೊಮ್ಮಿ ತಲ್ಯಾಗ ಓಡ್ತದ.

ಇದಕ್ಕ ಒಂದು ಸಾಮಾನೂ ಬಳಸಬಹುದು. ಬಿದರಿ ಹೂಜಿ. ಬೀದರ ಕಿಲ್ಲಾದ ಮಣ್ಣಿನ್ಯಾಗ ಕಪ್ಪು ಹಿಡಿಸಿದ ಜಸ್ತಾ-ತಾಮ್ರದ ಮಾಲು, ಮ್ಯಾಲ ಬೆಳ್ಳಿ ಕುಸುರಿ, ಯಾರ ಟೇಬಲ್ ಮ್ಯಾಲಿಟ್ರೂ ಎದ್ದು ಕಾಣ್ತದ. ಮೊದಲ್ನೇ ಎಪಿಸೋಡಿನ್ಯಾಗ ಸಾವ್ಕಾರ ಒಬ್ಬ ಆಫೀಸರಿಗಿ ಅದನ್ನ ಪ್ರೀತಿಲೇ ಕೊಡ್ತಾನ. ಎರಡ್ನೇದ್ರಾಗ ಬ್ಯಾಂಕ್ ಮ್ಯಾನೇಜರ್ ಟೇಬಲ್ ಮ್ಯಾಲ ಅಂಥಾದ್ದೇ ಒಂದು, ಹಿಂದ, ಫೋಕಸ್ ಇಲ್ಲದ ಕಡಿ. ಆಮ್ಯಾಲ ಪತ್ರಕರ್ತನ ಮನ್ಯಾಗ. ಐದನೇದ್ರಾಗ ಪಿಎಸ್ಐ ತನ್ನ ಮ್ಯಾಲಿನ ಸಾಹೇಬರ ಚೇಂಬರಿಗಿ ಸಾಕ್ಷಿ ಎಲ್ಲಾ ಒಯ್ದು ಇಡ್ತಾಳ, ಸಾಹೇಬರು ಶಾಭಾಶ್ ಅಂತಾರ, ಕ್ಯಾಮೆರಾ ಮೆಲ್ಲಗ ಕಿಡಕಿ ಕಡಿ ಹೋಗ್ತದ, ಅಲ್ಲಿ ಹೂಜಿ. ಎಪಿಸೋಡ್ ಕಟ್. ವಿಲನ್ ಆ ಸೀನಿನ್ಯಾಗ ಇಲ್ಲೇ ಇಲ್ಲ! ಸೀರಿಯಲ್‌ನ್ಯಾಗ ವಿಲನ್ ಇಲ್ಲದ ಜಾಗದಾಗ ಅಂವನ ವಾಸನಿ ಬರಬೇಕು, ಅಂವನ್ನ ಕಡಿಮಿ ತೋರಿಸ್ರಿ, ಉಪ್ಪಿನಕಾಯಿ ಇದ್ದಂಗ, ತಾಟಿನ ತುಂಬ ಬಡಿಸಿದ್ರ ಯಾರು ತಿಂತಾರ. ಬ್ರೇಕಿಂಗ್ ಬ್ಯಾಡ್ ಅನ್ನೋ ಅಮೆರಿಕಾ ಸೀರಿಯಲ್ಲಿನ ವಿಲನ್ ಗಸ್ ಫ್ರಿಂಗ್ ಎರಡ್ನೇ ಸೀಸನ್ ಮುಗಿಲಾಕ ಬಂದಾಗ ಬರ್ತಾನ, ಅದೂ ಚಿಕನ್ ಅಂಗಡಿ ಮ್ಯಾನೇಜರ್ ಆಗಿ, ಗಿರಾಕಿಗಿ ಎಲ್ಲಾ ಬರೋಬ್ಬರಿ ಅದ ಏನ್ರಿ ಅಂತ ಕೇಳ್ಕೋತ.

ಕೊಲಿ ಯಾರು ಮಾಡಿದ್ರು ಅಂತ ಕೊನಿತನಕ ಮುಚ್ಚಿಡಬೇಕು ಅಂತೇನಿಲ್ಲ. ಕೊಲಂಬೋ ಅಂತ ಹಳೇ ಅಮೆರಿಕಾ ಸೀರಿಯಲ್, ಅದರಾಗ ಸಾಮಾನ್ಯವಾಗಿ ಶುರುವಿಗೇ ಕೊಲಿಗಾರ ಯಾರು ಅಂತ ತೋರಿಸಿಬಿಡ್ತಿದ್ರು, ಆಮ್ಯಾಲ ಹೆಂಗ ಹಿಡೀತಾನ ಅನ್ನೋದೇ ಮಜಾ. ಹಂಗ ಮಾಡೋದಾದ್ರ ವಿಲನ್ ಶಾಣ್ಯಾ ಇರ್ಲೇಬೇಕು, ದಡ್ಡ ವಿಲನ್ನನ್ನ ಹಿಡಿಯೋ ಪೊಲೀಸು ಏನ್ ದೊಡ್ಡ ಕೆಲಸ ಮಾಡ್ದಂಗಾಯ್ತು?

ಶಾಣ್ಯಾತನ ಅಂದ್ರ ಕಾಯ್ದಾನೂ ಬರ್ತದ. ಪೊಲೀಸರ ಬಾಯಾಗ ಇನ್ನೂ "ಸೆಕ್ಷನ್ 302" ಇಡ್ಲಾಕತ್ತೀರಿ, 2024 ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದದ, ಕೊಲಿಗಿ 103, ಮೋಸಕ್ಕ 318. ಆ ತಾರೀಖಿಗಿಂತ ಮೊದಲು ಆದ ಕೊಲಿಗಿ ಮಾತ್ರ ಹಳೇ 302. ಇನ್ನ ಕ್ಲೈಮ್ಯಾಕ್ಸ್‌ನ್ಯಾಗ ವಿಲನ್ ಇನ್ಸ್‌ಪೆಕ್ಟರ್ ಮುಂದ "ಹೌದು, ನಾನೇ ಮಾಡ್ದೆ" ಅಂತ ಎದಿ ತಟ್ಕೋತಾನಲ್ಲ, ಪೊಲೀಸರ ಮುಂದ ಒಪ್ಪಿಕೊಂಡಿದ್ದು ಕೋರ್ಟಿನ್ಯಾಗ ಅಂವನ ವಿರುದ್ಧ ಸಾಕ್ಷಿ ಆಗಂಗಿಲ್ಲ. ಇದನ್ನ ಬರಿಯೋರು ಮರೀತಾರ, ಸಾವ್ಕಾರ ಮರೆಯಂಗಿಲ್ಲ, ಅಂವ ಬೇಕಂತೇ ಠಾಣಾದಾಗ ಒಪ್ಪಿಕೊಂಡು ನಗಬಹುದು, ಎಂಥಾ ಸೀನು ನೋಡ್ರಿ. ಕೊಲಿಯಂಥಾ ಕೇಸಿನ್ಯಾಗ 90 ದಿವಸದೊಳಗ ಚಾರ್ಜ್‌ಶೀಟ್ ಹಾಕಲಿಲ್ಲಂದ್ರ ಆರೋಪಿಗಿ ಜಾಮೀನು ಕೇಳೋ ಹಕ್ಕು ಬರ್ತದ, ಸಣ್ಣ ಕೇಸಿಗಿ 60. ಅಂವಗ ಯಾರನ್ನೂ ಹೊಡಸೋದು ಬ್ಯಾಡ, ಒಂದು ರಿಪೋರ್ಟ್ ತಡ ಆದ್ರ ಸಾಕು, ಜೈಲಿನ್ಯಾಗ ಕುಂತು ಕ್ಯಾಲೆಂಡರ್ ಮ್ಯಾಲ ದಿನಾ ಗೀಟು ಹಾಕ್ತಾನ. ಮತ್ತ ಜಾಮೀನಿಗಿ ಬೆಂಗಳೂರಿಗಿ ಓಡಿಸಬ್ಯಾಡ್ರಿ ಮಾರಾಯ್ರೇ, ಕಲಬುರಗ್ಯಾಗ 2008ರಿಂದ ಹೈಕೋರ್ಟ್ ಪೀಠ ಅದ, 2013ರಾಗ ಕಾಯಂ ಆಗ್ಯದ.

ಬಾಕಿದ್ದು ಲಗೂ ಹೇಳಿಬಿಡ್ತೀನಿ. ಸಣ್ಣಾವಿದ್ದಾಗ ಅಪ್ಪ ಹೊಡದಾ ಅದಕ್ಕ ವಿಲನ್ ಆದ ಅನ್ನೋ ಫ್ಲ್ಯಾಶ್‌ಬ್ಯಾಕ್ ಬ್ಯಾಡ, ನಮ್ಮೆಲ್ಲರ ಅಪ್ಪಂದಿರೂ ಹೊಡದಾರ. ಕೈಯಾಳು ಹತ್ತು ಮಂದಿ ಬ್ಯಾಡ, ಒಬ್ಬ ಸಾಕು, ಅಂವಗ ಮನಿ ಮಕ್ಕಳು ಇರ್ಲಿ. ಕೊಲಿ ಕಣ್ಣಿಗಿ ಕಾಣೋದು ಒಂದೇ ಇರ್ಲಿ, ಹತ್ತು ತೋರಿಸಿದ್ರ ಹನ್ನೊಂದನೇದು ಲೆಕ್ಕ ಮಾತ್ರ. ಕೋಟು ತಗೀರಿ, ಬಿಳಿ ಅಂಗಿ ಹಾಕ್ರಿ, ಬೆವರು ಒರಸಲಾಕ ಹೆಗಲಿಗೊಂದು ಟವಲ್.

ಬೀಳೋದು ಹೆಂಗ? ಇದರ ಮ್ಯಾಲ ನಾವು ಭಾಳ ಹೊತ್ತು ಜಗಳಾಡಿದ್ವಿ. ಹುಡುಗರಿಗಿ ಸಿಸಿಟಿವಿ ಬೇಕಿತ್ತು, ಈಗೀಗ ಎಲ್ಲಾ ಸೀರಿಯಲ್‌ನ್ಯಾಗ ಸಿಸಿಟಿವಿನೇ ಡಿಟೆಕ್ಟಿವ್ ಆಗ್ಯದ. ನಾ ಬ್ಯಾಡ ಅಂದೆ. ಅಂವ ಯಾವ ಗುಣದಿಂದ ದೊಡ್ಡಂವ ಆದ್ನೋ ಅದೇ ಗುಣ ಅಂವನ ಕಾಲು ಹಿಡಿಬೇಕು. ಸಾವ್ಕಾರನ ಗುಣ ಏನು, ಲೆಕ್ಕ ಪಕ್ಕಾ. ಯಾರಿಗಿ ಒಂದು ರೂಪಾಯಿ ಕೊಟ್ರೂ ಕಿರ್ದಿದಾಗ ಬರೀತಾನ, ಮೋಸದ ರೊಕ್ಕಕ್ಕೂ ಬ್ಯಾರೇ ಒಂದು ಕಿರ್ದಿ ಅದ, ಅದರಾಗೂ ತಪ್ಪಿಲ್ಲ. ವಾಚ್‌ಮನ್ ಸತ್ತ ಮ್ಯಾಲ ಅಂವನ ಹೆಂಡತಿಗಿ ರೊಕ್ಕ ಕೊಟ್ಟಾನ, ಊರೆಲ್ಲಾ ಹೊಗಳ್ಯದ, ಎಂಥಾ ದೊಡ್ಡ ಮನಷ್ಯಾ ಅಂತ. ಏಳನೇ ಎಪಿಸೋಡಿನ್ಯಾಗ ಪಿಎಸ್ಐ ಕೈಗಿ ಆ ಕಿರ್ದಿ ಸಿಗ್ತದ. ಪುಟ ತಿರುವಿಕೋತ ಹೋಗ್ತಾಳ, ವಾಚ್‌ಮನ್‌ನ ಹೆಂಡತಿ ಹೆಸರು, ಎರಡು ಲಕ್ಷ, ತೆಗೆದಿಟ್ಟದ್ದು, ಪಕ್ಕದಾಗ ತಾರೀಖು. ಬೆಂಕಿ ಬಿದ್ದ ಹಿಂದಿನ ದಿವಸದ್ದು.

ಹೊಸಾ ಸ್ಕ್ರಿಪ್ಟ್ ಮೊನ್ನಿ ಬಂತು. ನಮ್ಮ ಅವ್ವಗ ಕಣ್ಣು ಸರಿ ಕಾಣಂಗಿಲ್ಲ, ನಾನೇ ಮೂರು ಎಪಿಸೋಡ್ ಜೋರಾಗಿ ಓದಿ ಹೇಳ್ದೆ, ಅಕಿ ಅಕ್ಕಿ ಆರಸ್ಕೋತ ಕೇಳಿದ್ಳು. ನೀವೂ ಹಿಂಗ ಮಾಡ್ರಿ, ಬರದದ್ದು ಮನ್ಯಾಗಿನ ಒಬ್ಬರಿಗಿ ಓದಿ ಹೇಳ್ರಿ, ಸೀರಿಯಲ್ ಬರಿಯೋ ದೋಸ್ತರಿಗಿ ಬ್ಯಾಡ, ಅವರು ಸುಮ್ಕ ಚಲೋ ಅದ ಅಂತಾರ. ಮುಗದ ಮ್ಯಾಲ ಅವ್ವ ಕೇಳಿದ್ಳು, "ಪಾಪ ಆ ಸಾವ್ಕಾರಗ ಯಾಕ ಕಾಡ್ಲಾಕತ್ತಾಳೋ ಅಕಿ ಪೊಲೀಸ್ ಹುಡುಗಿ, ಫೀ ಕಟ್ಟಿ ಓದ್ಸಿದಾಂವ ಅಲ್ಲೇನು ಅಂವ?" ನಾ ಏನೂ ಹೇಳ್ಲಿಲ್ಲ. ಇನ್ನೂ ನಾಲ್ಕು ಎಪಿಸೋಡ್ ಓದಿದ ಮ್ಯಾಲ ಕಿರ್ದಿ ಬರ್ತದ.